ಎಂಟು ಕೋರಿದ್ದರೂ ಎಂಪಿ3 ಯಾಕೆ ನಿಧಾನ?

ಪ್ರಶ್ನೆ: ನಮ್ಮ ಮಂಡಳಿಯ ಹಳೆಯ ಬೈಠಕ್ ಕ್ಯಾಸೆಟ್‌ಗಳನ್ನೆಲ್ಲ ವೇವ್ ಫೈಲ್ ಮಾಡಿಟ್ಟಿದ್ದೇವೆ. ಎಂಪಿ3 ಮಾಡುವ ತಂತ್ರಾಂಶ ಲೇಮ್‌ನಲ್ಲಿ 320 ಕೆಬಿಪಿಎಸ್ (ಸೆಕೆಂಡಿಗೆ ಕಿಲೋಬಿಟ್), 'ಕ್ಯೂ 0' (ಅತಿ ನಿಧಾನದ, ಗರಿಷ್ಠ ಗುಣಮಟ್ಟದ ಆಯ್ಕೆ) ಹಾಕಿ ಎಂಪಿ3 ಮಾಡುತ್ತಿದ್ದೇವೆ. ಎಂಟು ಕೋರಿನ ಕಂಪ್ಯೂಟರ್, ಆದರೆ ಬಳಕೆ ಶೇ. 12-13 ದಾಟುವುದಿಲ್ಲ. ವೇಗ ಹೆಚ್ಚಿಸುವುದು ಹೇಗೆ?
– ಓದುಗರು, ಮಾಳಮಡ್ಡಿ, ಧಾರವಾಡ

ಉತ್ತರ: 100ನ್ನು ಎಂಟರಿಂದ ಭಾಗಿಸಿರಿ, 12.5 ಬರುತ್ತದೆ. ಅಂದರೆ ಒಂದು ಕೋರ್ ಪೂರ್ತಿ ದುಡಿಯುತ್ತಿದೆ, ಏಳು ಸುಮ್ಮನೆ ಕೂತಿವೆ. ಲೇಮ್ ಒಂದು ಫೈಲಿಗೆ ಒಂದೇ ಕೋರ್ ಬಳಸುತ್ತದೆ.

ಹಾಗಂತ ಫೈಲನ್ನು ತುಂಡು ಮಾಡಿ ಹಂಚಬೇಡಿರಿ. ಪ್ರತಿ ತುಂಡಿನ ಆರಂಭಕ್ಕೂ ಲೇಮ್ 576 ಸ್ಯಾಂಪಲ್‌ಗಳ ವಿಳಂಬ ಸೇರಿಸುತ್ತದೆ. 320ಕ್ಕಿಂತ ಕೆಳಗಿನ ದರಗಳಲ್ಲಿ ಒಂದು ಫ್ರೇಮಿನ (ಎಂಪಿ3ಯ ಚಿಕ್ಕ ಘಟಕ) ಬಿಟ್‌ಗಳು ಹಿಂದಿನ ಫ್ರೇಮಿನ ಜಾಗದಲ್ಲೂ ಕೂತಿರುತ್ತವೆ. ಜೋಡಿಸಿದ ಕಡೆ ತಂಬೂರಿ ತುಂಡಾಗಿದ್ದು ಕೇಳಿಯೇ ಕೇಳುತ್ತದೆ. ಬದಲಿಗೆ ಹಲವು ಫೈಲುಗಳನ್ನು ಒಟ್ಟಿಗೆ ಓಡಿಸಿರಿ. ವಿಂಡೋಸ್‌ನಲ್ಲಿ ಫೂಬಾರ್2000ರ ಕನ್ವರ್ಟರ್ ಇದನ್ನು ತಾನೇ ಮಾಡುತ್ತದೆ. ಲಿನಕ್ಸ್‌ನಲ್ಲಿ ಎಕ್ಸ್‌ಆರ್ಗ್ಸ್ ಎಂಬ ಆದೇಶಕ್ಕೆ 'ಮೈನಸ್ ಎನ್ 1' ಮತ್ತು 'ಮೈನಸ್ ದೊಡ್ಡ ಪಿ 7' ಕೊಟ್ಟರೆ ಆಯಿತು, ಒಂದು ಕೋರ್ ನಿಮ್ಮ ಕೆಲಸಕ್ಕೆ ಉಳಿಯುತ್ತದೆ.

ಆಮೇಲೆ ಡಿಸ್ಕ್ ಅಡ್ಡ ಬರುತ್ತದೆ. ಸಿಡಿ ಗುಣಮಟ್ಟದ ಒಂದು ಗಂಟೆಯ ವೇವ್ ಸುಮಾರು 635 ಎಂಬಿ. ಯುಎಸ್‌ಬಿಯ ಹಳೆ ಹಾರ್ಡ್ ಡಿಸ್ಕಿನಿಂದ ಏಳು ಫೈಲ್ ಒಮ್ಮೆಲೇ ಓದಿಸಿದರೆ ಅದರ ಹೆಡ್ ಅತ್ತಿಂದಿತ್ತ ಅಲೆಯುವುದರಲ್ಲೇ ಹೊತ್ತು ಹೋಗುತ್ತದೆ. ಮೊದಲು ಎಸ್‌ಎಸ್‌ಡಿಗೆ ನಕಲು ಮಾಡಿಕೊಳ್ಳಿರಿ. ಅದಿಲ್ಲದಿದ್ದರೆ ಏಳರ ಬದಲು ಮೂರು ಸಾಕು.

'ಕ್ಯೂ 0' ಬಿಡಿರಿ. ಅದು ಕ್ವಾಂಟೈಸೇಷನ್ನಿನ (ಧ್ವನಿಯ ಅಂಕಿಗಳನ್ನು ಒರಟಾಗಿಸಿ ಬಿಟ್ ಉಳಿಸುವ ಹಂತ) ಹುಡುಕಾಟವನ್ನು ಮತ್ತೆ ಮತ್ತೆ ಮಾಡುತ್ತದೆ. ಕ್ಯಾಸೆಟ್ಟಿನ ಸುಯ್ ಸದ್ದಿನ ನಡುವೆ ಆ ಲಾಭ ಯಾರ ಕಿವಿಗೂ ಬೀಳದು. ಬದಲಾಗುವ ದರದ 'ವಿ 2' ಹಾಕಿದರೆ ಸರಾಸರಿ 190 ಕೆಬಿಪಿಎಸ್ ಆಸುಪಾಸು ಬರುತ್ತದೆ, ಕೆಲಸವೂ ಬೇಗ.

ಒಂದೇ ಮೈಕಿನ ಧ್ವನಿಮುದ್ರಣವಾದರೆ ಮೋನೋ ಮಾಡಿರಿ, ಕೆಲಸ ಹೆಚ್ಚುಕಡಿಮೆ ಅರ್ಧ. ಆದರೆ ಎಡ-ಬಲ ಕೂಡಿಸಬೇಡಿರಿ. ಪ್ಲೇಯರಿನ ಹೆಡ್ ಕೂದಲೆಳೆಯಷ್ಟು ಓರೆಯಾಗಿದ್ದರೂ ಎರಡೂ ಚಾನೆಲ್‌ಗಳ ಮೇಲುಸ್ವರಾಂಶಗಳು ಒಂದನ್ನೊಂದು ಅಳಿಸಿ ದನಿ ಮಂಕಾಗುತ್ತದೆ. ಚೆನ್ನಾಗಿರುವ ಒಂದು ಚಾನೆಲ್ಲನ್ನಷ್ಟೇ ಆರಿಸಿರಿ.

ಮೂಲಪ್ರತಿಯನ್ನು ಗುಣಮಟ್ಟ ಕಳೆಯದೆ ಕುಗ್ಗಿಸುವ ಫ್ಲ್ಯಾಕ್‌ನಲ್ಲಿ ಇಡಿರಿ. 2025ರ 1.5 ಆವೃತ್ತಿಯಿಂದ 'ಮೈನಸ್ ಜೆ 8' ಎಂದರೆ ಒಂದೇ ಫೈಲಿಗೂ ಎಂಟು ಥ್ರೆಡ್ (ಒಟ್ಟಿಗೆ ಓಡುವ ಕೆಲಸದ ಎಳೆಗಳು) ಸಿಗುತ್ತವೆ. ಕುಗ್ಗಿಸುವ ಮಟ್ಟ 5 ಸಾಕು. 8ಕ್ಕೆ ಏರಿಸಿದರೆ ಹೊತ್ತು ಹೆಚ್ಚು, ಜಾಗದ ಉಳಿತಾಯ ಅತ್ಯಲ್ಪ.

ಪ್ರಶ್ನೆ: 'ಮಾರ್ಚ್ ನೇಟಿವ್' ಹಾಕಿ ಕಂಪೈಲ್ ಮಾಡಿದ ಲೇಮ್ ನನ್ನಲ್ಲಿ ಓಡುತ್ತದೆ, ಗೆಳೆಯನ ಹಳೆ ಕಂಪ್ಯೂಟರಿನಲ್ಲಿ 'ಇಲ್ಲೀಗಲ್ ಇನ್‌ಸ್ಟ್ರಕ್ಷನ್' ಎಂದು ನಿಲ್ಲುತ್ತದೆ.
– ಓದುಗರು, ಹಾವೇರಿ

ಉತ್ತರ: ಆ ಆಯ್ಕೆ ನಿಮ್ಮ ಪ್ರೊಸೆಸರಿಗೇ ಹೊಲಿದ ಅಂಗಿ. ಅದರಲ್ಲಿ ಹೊಸ ಪ್ರೊಸೆಸರುಗಳ ಸೂಚನಾ ಗುಚ್ಛ ಎವಿಎಕ್ಸ್2 ಸೇರಿಕೊಂಡಿರಬೇಕು. ಇಂಟೆಲ್‌ನಲ್ಲಿ ಅದು ಬಂದದ್ದು 2013ರ ಹ್ಯಾಸ್‌ವೆಲ್‌ನಿಂದ. ಹಂಚುವ ಪ್ರತಿಗೆ 'ನೇಟಿವ್' ಬದಲು ಎವಿಎಕ್ಸ್2 ಬೇಡದ 'ಎಕ್ಸ್86-64-ವಿ2' ಕೊಟ್ಟು ಮತ್ತೆ ಕಂಪೈಲ್ ಮಾಡಿರಿ. ಅದಕ್ಕೆ ಕಂಪೈಲರ್ ಜಿಸಿಸಿ 11 ಅಥವಾ ನಂತರದ್ದು ಬೇಕು.