ಮೊದಲ ಅಕ್ವೇರಿಯಂ: ಮೀನು ತರೋಕ್ ಮುಂಚೆ ನೀರನ್ನ ಸಾಕಿ

ನೀವು ಒಂದೇ ಸಲಕ್ಕೆ ನಾಲ್ಕೈದು ಪ್ರಶ್ನೆ ಕೇಳಿದೀರ. ಮನೇಲಿ ಮೊದಲ ಸಲ ಸಿಹಿನೀರಿನ ಅಕ್ವೇರಿಯಂ ಇಡ್ತಿದೀನಿ, ಟ್ಯಾಂಕ್ ಎಷ್ಟು ದೊಡ್ಡದಿರ್ಬೇಕು, ತಂದ ವಾರದಲ್ಲೇ ಮೀನು ಸಾಯ್ತವೆ ಅಂತ ಎಲ್ಲರೂ ಹೆದರಿಸ್ತಾರೆ ಅದ್ಯಾಕೆ, ವಾರಕ್ಕೊಮ್ಮೆ ಪೂರ್ತಿ ನೀರು ಚೇಂಜ್ ಮಾಡಿದ್ರೆ ಸರಿಹೋಗತ್ತಾ, ಯಾವ ಮೀನು ಸುಲಭ, ರಜಕ್ಕೆ ಹೋದ್ರೆ ಏನ್ ಮಾಡೋದು ಅಂತ. ನಾನು ವರ್ಷಗಳಿಂದ ಮೀನು ಸಾಕ್ತಾ ಬಂದಿದೀನಿ, ಈ ವಿಷಯ ಯಾರು ಕೇಳಿದ್ರೂ ಖುಷಿಯಾಗತ್ತೆ, ಅದಕ್ಕೆ ಸ್ವಲ್ಪ ಉದ್ದವಾಗೇ ಬರೀತೀನಿ.

ಸಾಯೋ ವಿಷಯ ಮೊದಲು, ಯಾಕಂದ್ರೆ ಅದು ಅರ್ಥ ಆದ್ರೆ ಮಿಕ್ಕಿದ್ದೆಲ್ಲ ತಾನಾಗೇ ಅರ್ಥ ಆಗತ್ತೆ. ಹೊಸ ಟ್ಯಾಂಕಲ್ಲಿ ಮೀನು ಸಾಯೋದು ಹೆಚ್ಚಾಗಿ ರೋಗದಿಂದಲ್ಲ, ಅಮೋನಿಯಾದಿಂದ. ಮೀನು ಕಿವಿರಿನ ಮೂಲಕ ಹಗಲೂ ರಾತ್ರಿ ಅಮೋನಿಯಾ ಹೊರಗೆ ಬಿಡ್ತಾನೇ ಇರತ್ತೆ, ಜೊತೆಗೆ ಅದರ ಹಿಕ್ಕೆ, ತಿನ್ನದೆ ಉಳಿದ ಫುಡ್ಡು, ಉದುರಿದ ಎಲೆ ಎಲ್ಲಾ ಕೊಳೆತು ಮತ್ತೆ ಅಮೋನಿಯಾನೇ ಆಗತ್ತೆ. ಹೊಳೇಲಿ ಇದು ಕೊಚ್ಚಿಕೊಂಡು ಹೋಗತ್ತೆ, ನಿಮ್ಮ ಗಾಜಿನ ಡಬ್ಬದಲ್ಲಿ ಎಲ್ಲಿಗೆ ಹೋಗ್ಬೇಕು? ಕಣ್ಣಿಗೆ ಕಾಣಲ್ಲ, ನೀರು ಸ್ಫಟಿಕದ ಹಾಗೆ ತಿಳಿಯಾಗೇ ಇರತ್ತೆ, ಒಳಗೆ ಮಾತ್ರ ಮೀನಿನ ಕಿವಿರು ಸುಡ್ತಾ ಇರತ್ತೆ.

ಇದನ್ನ ಸರಿಮಾಡೋದು ಬ್ಯಾಕ್ಟೀರಿಯಾ. ಒಂದು ಗುಂಪು ಅಮೋನಿಯಾನ ನೈಟ್ರೈಟ್ ಮಾಡತ್ತೆ. ನೈಟ್ರೈಟೂ ವಿಷಾನೇ, ರಕ್ತ ಆಕ್ಸಿಜನ್ ಹೊರೋ ಶಕ್ತೀನೇ ಕಳ್ಕೊಳತ್ತೆ, ಅದಕ್ಕೇ ಏರ್ ಪಂಪ್ ಜೋರಾಗಿ ಓಡ್ತಿದ್ರೂ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡೋದು. ಇನ್ನೊಂದು ಗುಂಪು, ಮುಖ್ಯವಾಗಿ ನೈಟ್ರೋಸ್ಪೈರಾ ಅನ್ನೋ ಜಾತಿ, ಆ ನೈಟ್ರೈಟನ್ನ ನೈಟ್ರೇಟ್ ಮಾಡತ್ತೆ. ನೈಟ್ರೇಟಿಂದ ಅಷ್ಟು ತೊಂದ್ರೆ ಇಲ್ಲ, ಸ್ವಲ್ಪ ಗಿಡಗಳು ಹೀರ್ಕೊಳ್ತವೆ, ಮಿಕ್ಕಿದ್ದು ನೀವು ನೀರು ಬದಲಾಯಿಸಿದಾಗ ಹೋಗತ್ತೆ. ಈ ಬ್ಯಾಕ್ಟೀರಿಯಾ ನೀರಲ್ಲಿ ತೇಲಾಡ್ತಾ ಇರೋದು ತುಂಬಾ ಕಮ್ಮಿ, ಅದರ ಮನೆ ಫಿಲ್ಟರಿನ ಸ್ಪಾಂಜ್, ಮರಳು, ಕಲ್ಲಿನ ಮೇಲ್ಮೈ. ನಿಧಾನಕ್ಕೆ ಬೆಳೆಯತ್ತೆ, ಸಾಕಷ್ಟು ಆಗೋಕೆ ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಇದಕ್ಕೇ ಸೈಕಲ್ ಮಾಡೋದು ಅಂತಾರೆ. ಟ್ಯಾಂಕೂ ಮೀನೂ ಒಂದೇ ದಿನ ತಂದ್ರೆ ಆ ಮೀನುಗಳು ಈ 6 ವಾರಾನ ವಿಷದ ನೀರಲ್ಲಿ ಕಳೀಬೇಕಾಗತ್ತೆ, ಅದಕ್ಕೇ ನಾನು ಯಾರಿಗೇ ಆದ್ರೂ ಹೇಳೋದು ಒಂದೇ, ಮೊದಲು ನೀರನ್ನ ಸಾಕಿ, ಆಮೇಲೆ ಮೀನು.

ಮಾಡೋದು ಕಷ್ಟ ಏನಿಲ್ಲ. ಟ್ಯಾಂಕ್ ತುಂಬಿಸಿ, ಕ್ಲೋರಿನ್ ತೆಗೆಯೋ ಔಷಧಿ ಹಾಕಿ, ಫಿಲ್ಟರ್ ಹೀಟರ್ ಆನ್ ಮಾಡಿ, ಮೀನಿಲ್ಲದೇ ಓಡಿಸಿ. ಬ್ಯಾಕ್ಟೀರಿಯಾಗೆ ಆಹಾರ ಬೇಕಲ್ಲ, ಸೋಪು ಸೆಂಟು ಏನೂ ಇಲ್ಲದ ಶುದ್ಧ ಅಮೋನಿಯಾ ದ್ರವ ಸಿಕ್ಕಿದ್ರೆ ಲೀಟರಿಗೆ 2 ಮಿಲಿಗ್ರಾಂ ಬರೋ ಅಷ್ಟು ಹಾಕಿ, ಸಿಗಲಿಲ್ಲ ಅಂದ್ರೆ ದಿನಾ ಒಂದು ಚಿಟಿಕೆ ಫಿಶ್ ಫುಡ್ ಹಾಕಿ ಕೊಳೆಯೋಕೆ ಬಿಡಿ. ಒಂದು ಟೆಸ್ಟ್ ಕಿಟ್ ತಗೊಳ್ಳಿ, ನೀರಲ್ಲಿ ಅದ್ದೋ ಪಟ್ಟಿಗಿಂತ ಹನಿ ಹಾಕಿ ಬಣ್ಣ ನೋಡೋ ಥರದ್ದು ಹೆಚ್ಚು ನಂಬಬಹುದು. ಮೊದಲು ಅಮೋನಿಯಾ ಏರತ್ತೆ, ಆಮೇಲೆ ಅದು ಇಳೀತಾ ನೈಟ್ರೈಟ್ ಏರತ್ತೆ, ಕೊನೆಗೆ ಅದೂ ಇಳಿದು ನೈಟ್ರೇಟ್ ಕಾಣಿಸ್ಕೊಳತ್ತೆ. ಹಾಕಿದ ಅಮೋನಿಯಾ 24 ಗಂಟೇಲಿ ಸೊನ್ನೆ ಆಗಿ ನೈಟ್ರೈಟೂ ಸೊನ್ನೆ ತೋರಿಸಿದ್ರೆ ಟ್ಯಾಂಕ್ ರೆಡಿ, ಒಂದು ದೊಡ್ಡ ವಾಟರ್ ಚೇಂಜ್ ಮಾಡಿ ಮೀನು ತನ್ನಿ. ಮಧ್ಯದಲ್ಲಿ ನೀರು ಹಾಲಿನ ಥರ ಮಬ್ಬಾದ್ರೆ ಗಾಬರಿ ಬೇಡ, ಅದು ಬೇರೆ ಬ್ಯಾಕ್ಟೀರಿಯಾ ಏಕ್‌ದಂ ಹೆಚ್ಚಾಗಿರೋದು, ಕೆಲವು ದಿನದಲ್ಲಿ ತಾನಾಗೇ ತಿಳಿಯಾಗತ್ತೆ. ಸ್ನೇಹಿತರ ಮನೇಲಿ ಚೆನ್ನಾಗಿ ಓಡ್ತಿರೋ ಹಳೇ ಟ್ಯಾಂಕ್ ಇದ್ರೆ ಅದರ ಫಿಲ್ಟರ್ ಸ್ಪಾಂಜಿಂದು ಒಂದು ತುಂಡು ಕೇಳಿ ತಂದು ನಿಮ್ಮ ಫಿಲ್ಟರಲ್ಲಿ ಇಡಿ, ಹಾಲಿಗೆ ಹೆಪ್ಪು ಹಾಕಿದ ಹಾಗೆ, ವಾರಗಳ ಕೆಲಸ ಬೇಗ ಆಗತ್ತೆ. ತರುವಾಗ ಒಣಗೋಕೆ ಬಿಡಬೇಡಿ ಅಷ್ಟೇ.

ಇನ್ನೊಂದು ವಿಷಯ ಗೊತ್ತಿರಲಿ, ಎಷ್ಟೋ ಜನ ಇದನ್ನ ಹೇಳಲ್ಲ. ಟೆಸ್ಟ್ ಕಿಟ್ ತೋರಿಸೋ ಅಮೋನಿಯಾದಲ್ಲಿ ಎಷ್ಟು ವಿಷ ಅನ್ನೋದು ಪಿಎಚ್, ಅಂದ್ರೆ ನೀರು ಎಷ್ಟು ಆಮ್ಲೀಯ ಎಷ್ಟು ಕ್ಷಾರೀಯ ಅನ್ನೋ ಅಳತೆ, ಅದರ ಮೇಲೆ ಹೋಗತ್ತೆ. 25 ಡಿಗ್ರಿ ನೀರಲ್ಲಿ ಪಿಎಚ್ 7 ಇದ್ರೆ ಅದರಲ್ಲಿ ಶೇಕಡಾ 1ಕ್ಕಿಂತ ಕಮ್ಮಿ ಮಾತ್ರ ನಿಜವಾದ ವಿಷದ ರೂಪದಲ್ಲಿರತ್ತೆ, ಪಿಎಚ್ 8 ಆದ್ರೆ ಅದು ಸುಮಾರು ಶೇಕಡಾ 5 ಆಗತ್ತೆ. ಗಡಸು ನೀರು ಬರೋ ಕಡೆ ಪಿಎಚ್ ಸಾಮಾನ್ಯವಾಗಿ ಜಾಸ್ತೀನೇ, ಅಂಥ ಕಡೆ ಆತುರ ಮಾಡಿದ್ರೆ ಮೀನು ಇನ್ನೂ ಬೇಗ ಹೋಗತ್ತೆ.

ಈಗ ನಿಮ್ಮ ಪೂರ್ತಿ ನೀರು ಚೇಂಜ್ ಮಾಡೋ ಐಡಿಯಾ. ದಯವಿಟ್ಟು ಬೇಡ. ಎಲ್ಲಾ ನೀರು ಚೆಲ್ಲಿ, ಮರಳು ತೊಳೆದು, ಸ್ಪಾಂಜನ್ನ ನಲ್ಲಿ ಕೆಳಗೆ ಹಿಂಡಿದ್ರೆ ಇಷ್ಟು ದಿನ ಬೆಳೆಸಿದ ಬ್ಯಾಕ್ಟೀರಿಯಾ ಬಹಳಷ್ಟು ಹೋಗತ್ತೆ, ಟ್ಯಾಂಕ್ ಮತ್ತೆ ಮೊದಲನೇ ದಿನಕ್ಕೆ ಬಂದು ನಿಲ್ಲತ್ತೆ, ಮೇಲಿಂದ ಟೆಂಪರೇಚರ್ ಪಿಎಚ್ ಎರಡೂ ಒಂದೇ ಏಟಿಗೆ ಬದಲಾಗಿ ಮೀನಿಗೆ ಶಾಕ್ ಆಗತ್ತೆ. ವಾರಕ್ಕೊಮ್ಮೆ ಕಾಲು ಭಾಗ ನೀರು ಸಾಕು. ಸೈಫನ್ ಪೈಪಲ್ಲಿ ತಳದ ಕಸ ಎಳ್ಕೊಂಡೇ ನೀರು ತೆಗೀರಿ, ಆ ತೆಗೆದ ನೀರಲ್ಲೇ ಸ್ಪಾಂಜನ್ನ ಎರಡು ಸಲ ಹಿಂಡಿ ವಾಪಸ್ ಹಾಕಿ, ಕಂದು ಬಣ್ಣ ಪೂರ್ತಿ ಹೋಗ್ಬೇಕು ಅಂತ ಉಜ್ಜೋದು ಬೇಡ. ಹೊಸ ನೀರು ಹೆಚ್ಚುಕಮ್ಮಿ ಅದೇ ಬಿಸಿ ಇರಲಿ. ನೀರನ್ನ ಒಂದು ದಿನ ಬಕೆಟಲ್ಲಿ ತೆರೆದಿಟ್ರೆ ಕ್ಲೋರಿನ್ ಹೋಗತ್ತೆ ಅನ್ನೋದು ನಿಜ, ಆದ್ರೆ ಕೆಲವು ಕಡೆ ಅದರ ಬದಲು ಕ್ಲೋರಮೈನ್ ಅನ್ನೋ ಕ್ಲೋರಿನ್-ಅಮೋನಿಯಾ ಸಂಯುಕ್ತ ಹಾಕ್ತಾರೆ, ಅದು ಇಟ್ಟ ಮಾತ್ರಕ್ಕೆ ಹೋಗಲ್ಲ, ಔಷಧಿ ಹಾಕ್ಲೇಬೇಕು.

ಟ್ಯಾಂಕ್ ಸೈಜ್ ಬಗ್ಗೆ, ಚಿಕ್ಕದು ಸುಲಭ ಅಂತ ಅನ್ಸತ್ತೆ, ನಿಜ ಅದರ ಉಲ್ಟಾ. ನೀರು ಜಾಸ್ತಿ ಇದ್ದಷ್ಟೂ ವಿಷ ಏರೋದು ನಿಧಾನ, ಬಿಸಿ ಏರಿಳಿಯೋದೂ ನಿಧಾನ. 60 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರದ ಟ್ಯಾಂಕಲ್ಲಿ ಅಂಚಿನವರೆಗೂ ತುಂಬಿಸಿದ್ರೆ 54 ಲೀಟರ್ ಹಿಡಿಯತ್ತೆ, ಶುರು ಮಾಡೋಕೆ ಅದು ಒಳ್ಳೇ ಅಳತೆ. ಅಂದ್ರೆ ನೀರೇ 54 ಕಿಲೋ, ಮರಳು ಗಾಜು ಬೇರೆ, ಹಾಗಾಗಿ ಅಲುಗಾಡೋ ಮೇಜು ಬೇಡ. ನೇರ ಬಿಸಿಲು ಬೀಳೋ ಕಿಟಕಿ ಹತ್ರಾನೂ ಬೇಡ, ಪಾಚಿ ಹಿಡಿಯತ್ತೆ. ದುಂಡಗಿನ ಬೌಲ್ ಮಾತ್ರ ಯಾವ ಮೀನಿಗೂ ತರಬೇಡಿ. ಫಿಲ್ಟರ್ ಅಂದ್ರೆ ಏರ್ ಪಂಪಿಗೆ ಜೋಡಿಸೋ ಸಾದಾ ಸ್ಪಾಂಜ್ ಫಿಲ್ಟರ್ ಸಾಕು, 24 ಗಂಟೆನೂ ಓಡ್ತಿರ್ಬೇಕು, ರಾತ್ರಿ ಶಬ್ದ ಅಂತ ಆಫ್ ಮಾಡಿದ್ರೆ ಆ ಬ್ಯಾಕ್ಟೀರಿಯಾಗೆ ಆಕ್ಸಿಜನ್ ಸಿಗಲ್ಲ.

ಗಿಡ ಹಾಕಿ. ಪ್ಲಾಸ್ಟಿಕ್ ಅಲ್ಲ, ನಿಜವಾದ ಗಿಡ. 1850ರ ಸುಮಾರಿಗೆ ಲಂಡನ್ನಿನ ರಾಬರ್ಟ್ ವಾರಿಂಗ್ಟನ್ ಅನ್ನೋ ಕೆಮಿಸ್ಟ್ ಒಂದು ತೊಟ್ಟೀಲಿ ಗೋಲ್ಡ್ ಫಿಶ್, ವ್ಯಾಲಿಸ್ನೇರಿಯಾ ಗಿಡ, ಬಸವನಹುಳು ಒಟ್ಟಿಗೆ ಇಟ್ಟು ಒಂದಕ್ಕೊಂದು ಹೇಗೆ ಆಸರೆ ಆಗ್ತವೆ ಅಂತ ತೋರಿಸಿದ್ರು, ಗಿಡ ಮೀನಿಗೆ ಆಕ್ಸಿಜನ್ ಕೊಡತ್ತೆ, ಕೊಳೆತ ಎಲೆನ ಹುಳು ತಿನ್ನತ್ತೆ. ಅದೇ ವ್ಯಾಲಿಸ್ನೇರಿಯಾ ಇವತ್ತಿಗೂ ಹೊಸಬರಿಗೆ ಒಳ್ಳೇ ಗಿಡ, ಉದ್ದುದ್ದ ರಿಬ್ಬನ್ ಥರ ಬೆಳೆದು ಮರಳಿನೊಳಗೇ ಓಡಿ ಪಕ್ಕದಲ್ಲಿ ಮರಿ ಹಾಕತ್ತೆ. ಜಾವಾ ಫರ್ನ್, ಅನೂಬಿಯಾಸ್ ಎರಡಕ್ಕೂ ಹೆಚ್ಚು ಲೈಟ್ ಬೇಡ, ಆದ್ರೆ ಅವುಗಳ ಗೆಡ್ಡೆಯಂಥ ಕಾಂಡಾನ ಮರಳಲ್ಲಿ ಹೂತ್ರೆ ಕೊಳೆತು ಹೋಗತ್ತೆ, ಕಲ್ಲಿಗೋ ಕಟ್ಟಿಗೆಗೋ ದಾರದಲ್ಲಿ ಕಟ್ಟಿ. ಕ್ರಿಪ್ಟೋಕೊರೈನ್ ತಂದ್ರೆ ಮೊದಲ ವಾರಗಳಲ್ಲಿ ಎಲೆ ಎಲ್ಲಾ ಕರಗಿದ ಹಾಗೆ ಆಗತ್ತೆ, ಕಿತ್ತು ಬಿಸಾಕಬೇಡಿ, ಬೇರಿಂದ ಮತ್ತೆ ಚಿಗುರತ್ತೆ. ಲೈಟ್ ದಿನಕ್ಕೆ 6ರಿಂದ 8 ಗಂಟೆ ಸಾಕು, ಅದಕ್ಕಿಂತ ಜಾಸ್ತಿ ಉರಿಸಿದ್ರೆ ಗಿಡಕ್ಕಿಂತ ಪಾಚಿಗೇ ಹಬ್ಬ. ಹೊಸ ಟ್ಯಾಂಕಲ್ಲಿ ಗಾಜಿನ ಮೇಲೆ ಕಂದು ಪುಡಿ ಥರ ಕೂರೋದು ಡಯಾಟಮ್ ಅನ್ನೋ ಸೂಕ್ಷ್ಮ ಪಾಚಿ, ಬಟ್ಟೇಲಿ ಒರೆಸಿದ್ರೆ ಹೋಗತ್ತೆ, ದಿನ ಕಳೆದ ಹಾಗೆ ಬರೋದೂ ನಿಲ್ಲತ್ತೆ.

ಮೀನು ಯಾವುದು ಅಂದ್ರೆ, ಗಟ್ಟಿ ಜೀವ ಅಂದ್ರೆ ಜೀಬ್ರಾ ಡಾನಿಯೋ, ಪ್ಲಾಟಿ, ಗಪ್ಪಿ. ಗಪ್ಪೀಲಿ ಹೆಣ್ಣು ಗಂಡು ಸೇರಿಸಿ ತರೋ ಮುಂಚೆ ಯೋಚಿಸಿ, ಹೆಚ್ಚುಕಮ್ಮಿ ತಿಂಗಳಿಗೊಂದು ಸಲ ಮರಿ ಹಾಕತ್ತೆ, ಒಂದು ಸಲ ಕೂಡಿದ್ರೆ ಗಂಡಿಲ್ಲದೇನೂ ತಿಂಗಳುಗಟ್ಟಲೆ ಮರಿ ಬರ್ತಾನೇ ಇರ್ತವೆ. ನಿಯಾನ್ ಟೆಟ್ರಾ ಚೆಂದ, ಆದ್ರೆ ಟ್ಯಾಂಕಿಗೆ ಕೆಲವು ತಿಂಗಳಾದ್ಮೇಲೆ ತನ್ನಿ, ಕನಿಷ್ಠ 6 ಒಟ್ಟಿಗೆ ಇರ್ಬೇಕು, ಒಂಟಿ ಆದ್ರೆ ಹೆದರಿ ಮೂಲೆ ಸೇರತ್ತೆ. ಫೈಟರ್ ಬೇಕಂದ್ರೆ ಒಂದೇ ಗಂಡು, ಅದಕ್ಕೂ 20 ಲೀಟರ್ ಆದ್ರೂ ಕೊಡಿ. ಗೋಲ್ಡ್ ಫಿಶ್ ಈ ಟ್ಯಾಂಕಿಗೆ ಬೇಡ, ದೊಡ್ಡದಾಗತ್ತೆ, ಗಲೀಜು ಜಾಸ್ತಿ, ತಣ್ಣಗಿನ ನೀರು ಇಷ್ಟ. ಪಾಚಿ ತಿನ್ನತ್ತೆ ಅಂತ ಕೊಡೋ ಪುಟ್ಟ ಸಕ್ಕರ್ ಫಿಶ್ ಕೂಡ ಬೇಡ, ಅದು ಹೆಚ್ಚಾಗಿ ಸಾಮಾನ್ಯ ಪ್ಲೆಕೋ ಅನ್ನೋ ಮೀನು, ಬೆಳೆದ್ರೆ 30 ಸೆಂಟಿಮೀಟರ್ ದಾಟತ್ತೆ, ನಿಮ್ಮ ಟ್ಯಾಂಕಿನ ಅಗಲಾನೇ ಅಷ್ಟು, ಪಾಪ ತಿರುಗೋಕೂ ಜಾಗ ಇರಲ್ಲ. ಎಲ್ಲಾ ಒಂದೇ ದಿನ ತರದೆ ಸ್ವಲ್ಪ ಸ್ವಲ್ಪ ತನ್ನಿ, ಬ್ಯಾಕ್ಟೀರಿಯಾ ಆ ಲೆಕ್ಕಕ್ಕೆ ಬೆಳೀಬೇಕು. ಸಾಧ್ಯ ಇದ್ರೆ ಹೊಸಬರನ್ನ ಮೊದಲು ಬೇರೆ ಡಬ್ಬದಲ್ಲಿ ಎರಡು ಮೂರು ವಾರ ಇಟ್ಟು ನೋಡಿ, ಮೈಮೇಲೆ ಉಪ್ಪು ಉದುರಿಸಿದ ಹಾಗೆ ಬಿಳಿ ಚುಕ್ಕೆ ಬರೋ ಇಕ್ ಅನ್ನೋ ರೋಗ ಹೀಗೇ ಒಳಗೆ ಬರೋದು. ಅದಕ್ಕೆ ಔಷಧಿ ಹಾಕಿದ್ರೆ ಚುಕ್ಕೆ ಹೋದ ತಕ್ಷಣ ನಿಲ್ಲಿಸಬೇಡಿ, ಔಷಧಿ ಕೆಲಸ ಮಾಡೋದು ಆ ಪರಜೀವಿ ನೀರಲ್ಲಿ ಈಜಾಡೋ ಹಂತದಲ್ಲಿ ಮಾತ್ರ, ಕೋರ್ಸ್ ಪೂರ್ತಿ ಮಾಡಿ.

ನನಗೆ ತುಂಬಾ ಇಷ್ಟ ಅಂದ್ರೆ ಕೋರಿಡೋರಸ್. ತಳದಲ್ಲೇ ಓಡಾಡೋ ಪುಟ್ಟ ಮೀಸೆ ಮೀನು, ಗುಂಪಾಗಿ ಇಡ್ಬೇಕು, ಕೆಳಗೆ ಚೂಪು ಕಲ್ಲಿನ ಬದಲು ನುಣ್ಣನೆ ಮರಳು ಇರ್ಬೇಕು ಇಲ್ಲಾಂದ್ರೆ ಮೀಸೆ ಸವೆಯತ್ತೆ. ಇದ್ದಕ್ಕಿದ್ದಂಗೆ ಒಂದು ಸುಯ್ ಅಂತ ಮೇಲಕ್ಕೆ ಹಾರಿ ಗಾಳಿ ನುಂಗಿ ಕೆಳಗೆ ಬರತ್ತೆ, ಆ ಗಾಳಿಯ ಆಕ್ಸಿಜನ್ನನ್ನ ಕರುಳಿಂದ ಹೀರ್ಕೊಳತ್ತೆ. ಕಣ್ಣುಗುಡ್ಡೆ ಕೆಳಗೆ ತಿರುಗಿಸಿದಾಗ ನಮಗೆ ಕಣ್ಣು ಹೊಡೆದ ಹಾಗೇ ಕಾಣತ್ತೆ. ಟ್ಯಾಂಕ್ ಮುಂದೆ ಕುರ್ಚಿ ಹಾಕ್ಕೊಂಡು ಫೋನ್ ಬದಿಗಿಟ್ಟು ಸುಮ್ನೆ ನೋಡಿದ್ರೆ ಇಂಥದೆಲ್ಲ ಕಾಣೋಕೆ ಶುರುವಾಗತ್ತೆ. ಬೆಳಗ್ಗೆ ಲೈಟ್ ಹಾಕಿದಾಗ ನಿಯಾನ್‌ಗಳು ಬಣ್ಣ ಕಳ್ಕೊಂಡು ಪೇಲವವಾಗಿರ್ತವೆ, ನೋಡ್ತಾ ನೋಡ್ತಾ ಆ ನೀಲಿ ಗೆರೆ ಏರ್ತಾ ಬರತ್ತೆ. ಗಂಡು ಫೈಟರ್ ನೀರಿನ ಮೇಲೆ ಗುಳ್ಳೆ ಗುಳ್ಳೆ ಸೇರಿಸಿ ಗೂಡು ಕಟ್ಟತ್ತೆ, ಹೆಣ್ಣು ಪಕ್ಕದಲ್ಲಿ ಇಲ್ಲದೇ ಇದ್ರೂ ಕಟ್ಟತ್ತೆ. ಯಾವ ಮೀನು ಯಾವ ಮೂಲೆ ತನ್ನದು ಅಂದ್ಕೊಂಡಿದೆ, ಯಾವುದು ಇವತ್ತು ಊಟಕ್ಕೆ ಬರಲಿಲ್ಲ ಅಂತೆಲ್ಲ ಗೊತ್ತಾಗೋದೂ ಹೀಗೇ, ರೋಗಾನ ಬೇಗ ಹಿಡಿಯೋಕೂ ಇದಕ್ಕಿಂತ ಒಳ್ಳೇ ದಾರಿ ನಾನು ಕಂಡಿಲ್ಲ. ಫುಡ್ ದಿನಕ್ಕೆ ಒಂದೋ ಎರಡೋ ಸಲ, ಒಂದೆರಡು ನಿಮಿಷದಲ್ಲಿ ತಿಂದು ಮುಗಿಸೋ ಅಷ್ಟೇ ಹಾಕಿ.

ಕೊನೇದು ರಜದ ವಿಷಯ. ಆರೋಗ್ಯವಾಗಿರೋ ದೊಡ್ಡ ಮೀನುಗಳು ಒಂದು ವಾರ ಊಟ ಇಲ್ಲದೇ ಆರಾಮಾಗಿ ಇರ್ತವೆ, ಮರಿಗಳಿದ್ರೆ ಮಾತ್ರ ಯಾರಾದ್ರೂ ಬರ್ಬೇಕು. ಹೊರಡೋ ಹಿಂದಿನ ದಿನ ನೀರು ಬದಲಾಯಿಸಿ, ಮುಚ್ಚಳ ಸರಿಯಾಗಿದೆಯಾ ನೋಡಿ ಯಾಕಂದ್ರೆ ಡಾನಿಯೋಗಳು ಹಾರ್ತವೆ, ಲೈಟಿಗೆ ಟೈಮರ್ ಹಾಕಿ, ಫಿಲ್ಟರ್ ಹೀಟರ್ ಆನ್ ಇರಲಿ. ಅದಕ್ಕಿಂತ ಜಾಸ್ತಿ ದಿನ ಹೋಗೋದಾದ್ರೆ ಪಕ್ಕದ ಮನೆಯವರಿಗೆ ಫುಡ್ ಡಬ್ಬ ಪೂರ್ತಿ ಕೊಡಬೇಡಿ, ಒಂದೊಂದು ಹೊತ್ತಿನದು ಚಿಕ್ಕ ಪೊಟ್ಟಣ ಕಟ್ಟಿ ತಾರೀಖು ಬರೆದಿಡಿ, ಅಯ್ಯೋ ಪಾಪ ಹಸಿದಿದಾವೆ ಅಂತ ಪ್ರೀತಿಯಿಂದ ಜಾಸ್ತಿ ಹಾಕ್ಬಿಡ್ತಾರೆ. ನಿಮ್ಮ ನಲ್ಲಿ ನೀರಿನ ಪಿಎಚ್ ಎಷ್ಟು ಅಂತ ಟೆಸ್ಟ್ ಮಾಡಿ ಇಲ್ಲೇ ಹಾಕಿ, ಅದಕ್ಕೆ ಯಾವ ಮೀನು ಹೊಂದತ್ತೆ ಅಂತ ನೋಡಿ ಹೇಳ್ತೀನಿ.