ಮಾತ್ರೆ ನೆನಪಿಸುವ ಆ್ಯಪ್ ಮಾಡಬೇಕು, ಎಲ್ಲಿಂದ ಶುರು ಮಾಡಲಿ?

ವಯಸ್ಸಾದವರು ಮಾತ್ರೆ ಮರೆಯದ ಹಾಗೆ ಒಂದು ಆ್ಯಪ್ ಮಾಡಬೇಕು, ಡಿಸೈನ್ ಥಿಂಕಿಂಗ್ ಅನ್ನುವ, ಬಳಸುವವರನ್ನು ಮುಂದಿಟ್ಟು ವಿನ್ಯಾಸ ಮಾಡುವ ವಿಧಾನದ ಐದು ಹಂತ ಓದಿದ್ದೇನೆ, ಆದರೆ ಸೋಮವಾರ ಬೆಳಗ್ಗೆ ಕೂತು ಏನು ಮಾಡಬೇಕೋ ತಿಳಿಯುತ್ತಿಲ್ಲ ಅಂತ ಕೇಳಿದ್ದೀರಿ.

ಐದು ಹಂತದ ಚಿತ್ರವನ್ನು ಸದ್ಯ ಪಕ್ಕಕ್ಕಿಡಿ. ಗೌಲ್ಡ್ ಮತ್ತು ಲೂಯಿಸ್ ಅನ್ನುವ ವಿನ್ಯಾಸ ಸಂಶೋಧಕರು 1985ರಲ್ಲೇ ಇದನ್ನು ಮೂರು ಮಾತಿನಲ್ಲಿ ಹೇಳಿದ್ದರು: ಮೊದಲಿನಿಂದಲೇ ಬಳಸುವವರನ್ನು ನೋಡಿ, ಅವರು ಬಳಸುವುದನ್ನು ಅಳೆಯಿರಿ, ತಿದ್ದಿ ಮತ್ತೆ ಅಳೆಯಿರಿ. ಇಷ್ಟು ಸಾಕು.

ನಿಮ್ಮ ಪ್ರಶ್ನೆಯಲ್ಲೇ ಒಂದು ಊಹೆ ಇದೆ: ಅವರು ‘ಮರೆಯುತ್ತಾರೆ’ ಅನ್ನೋದು. ಅದನ್ನು ಮೊದಲು ಪರೀಕ್ಷಿಸಿ. ದಿನಾ ಮಾತ್ರೆ ತಗೊಳ್ಳುವ 5–6 ಜನರ ಹತ್ತಿರ, ಅವರು ಮಾತ್ರೆ ಇಡುವ ಜಾಗದಲ್ಲೇ ಕೂತು ಮಾತಾಡಿ. ‘ಇಂಥ ಆ್ಯಪ್ ಇದ್ದರೆ ಬಳಸ್ತೀರಾ?’ ಅಂತ ಕೇಳಲೇಬೇಡಿ. ಬೇಜಾರಾಗಬಾರದು ಅಂತ ಎಲ್ಲರೂ ಹೂಂ ಅಂತಾರೆ. ‘ಹೋದ ಸಲ ಒಂದು ಹೊತ್ತಿನ ಮಾತ್ರೆ ತಪ್ಪಿತಲ್ಲ, ಆವತ್ತು ಏನಾಯ್ತು?’ ಅಂತ ಕೇಳಿ. ಡಬ್ಬಿ ತೆಗೆದು ತೋರಿಸಲು ಹೇಳಿ. ಆಗ ಬೇರೆ ಬೇರೆ ಕಾರಣ ಹೊರಗೆ ಬರುತ್ತವೆ: ಮಾತ್ರೆ ಮುಗಿದಿತ್ತು, ಊಟಕ್ಕೆ ಮೊದಲೋ ನಂತರವೋ ಗೊತ್ತಾಗಲಿಲ್ಲ, ಹೊಟ್ಟೆ ಉರಿಯುತ್ತೆ ಅಂತ ಬೇಕೆಂದೇ ಬಿಟ್ಟರು, ಅಥವಾ ‘ತಗೊಂಡ್ನೋ ಇಲ್ವೋ’ ಅನ್ನುವ ಅನುಮಾನ. ಅಲಾರಂ ಉಪಯೋಗಕ್ಕೆ ಬರುವುದು ನಿಜವಾಗಿ ಮರೆತವರಿಗೆ ಮಾತ್ರ. ಬೇಕೆಂದೇ ಬಿಟ್ಟವರಿಗೆ ಬೇಕಿರುವುದು ವೈದ್ಯರ ಜೊತೆ ಮಾತು. ಆ ಸಮಸ್ಯೆಗೆ ಆ್ಯಪ್ ತೋರಿಸಬೇಡಿ.

ಅನುಮಾನದ ಕೇಸು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ, ಯಾಕೆಂದರೆ ಅಲ್ಲಿ ಎರಡು ಸಲ ನುಂಗುವ ಅಪಾಯ ಇದೆ. ಇದನ್ನು ಒಪ್ಪಿದರೆ ಆ್ಯಪ್‌ನ ಮೊದಲ ಪರದೆಯೇ ಬದಲಾಗುತ್ತದೆ. ಮಾತ್ರೆಗಳ ಪಟ್ಟಿ, ಸೆಟ್ಟಿಂಗ್ಸ್ ಯಾವುದೂ ಅಲ್ಲಿ ಬೇಡ. ‘ಬೆಳಗಿನದು ಆಯ್ತು, 8:10ಕ್ಕೆ’ ಅನ್ನುವ ಒಂದು ಸಾಲು ದೊಡ್ಡದಾಗಿ ಕಾಣಬೇಕು, ಅದರ ಕೆಳಗೆ ಮುಂದಿನದು ಯಾವಾಗ ಅಂತ.

ಇನ್ನು ಬಟನ್. ಅಲಾರಂ ಹೊಡೆದಾಗ ಒಂದೇ ‘ಸರಿ’ ಬಟನ್ ಇಟ್ಟರೆ ಏನಾಗುತ್ತೆ ನೋಡಿ: ಯಾರೋ ಮಲಗಿದ್ದಾರೆ, ಸದ್ದು ನಿಲ್ಲಲಿ ಅಂತ ಇವರು ಒತ್ತುತ್ತಾರೆ, ಆ್ಯಪ್ ಅದನ್ನು ‘ಮಾತ್ರೆ ತಗೊಂಡರು’ ಅಂತ ಬರೆದುಕೊಳ್ಳುತ್ತದೆ. ಮಾತ್ರೆ ಡಬ್ಬಿಯಲ್ಲೇ ಇದೆ. ಆದ್ದರಿಂದ ‘ಸದ್ದು ನಿಲ್ಲಿಸು’ ಬೇರೆ, ‘ತಗೊಂಡೆ’ ಬೇರೆ, ಎರಡೂ ಅಕ್ಕಪಕ್ಕ ಇರಬಾರದು. ಸದ್ದು ನಿಲ್ಲಿಸಿದ ಮೇಲೂ ನೆನಪಿಸುವ ಸೂಚನೆ ಪರದೆಯ ಮೇಲೆ ಉಳಿಯಬೇಕು. ‘ತಗೊಂಡೆ’ ತಪ್ಪಿ ಒತ್ತಿದರೆ ವಾಪಸ್ ತೆಗೆಯುವ ದಾರಿ ಬೇಕು, ಅದೂ 5 ಸೆಕೆಂಡಿಗೆ ಮಾಯವಾಗುವ ಸಣ್ಣ ಸಂದೇಶದಲ್ಲಿ ಬೇಡ. ಹೊತ್ತು ತಪ್ಪಿದರೆ ‘ಈಗ ಎರಡು ತಗೊಳ್ಳಿ’, ‘ಬಿಟ್ಟುಬಿಡಿ’ ಅಂತ ಆ್ಯಪ್ ಸಲಹೆ ಕೊಡಲೇಬಾರದು. ಅದು ಮಾತ್ರೆಯಿಂದ ಮಾತ್ರೆಗೆ ಬೇರೆ.

ಅಳತೆಗಳು ಬೇಗ ಹೇಳ್ತೀನಿ. ಆಂಡ್ರಾಯ್ಡ್ ಹೇಳುವ ಕನಿಷ್ಠ ಒತ್ತುವ ಜಾಗ 48 ಡಿಪಿ (ಪರದೆಯ ಅಳತೆಯ ಒಂದು ಘಟಕ), ಅಂದರೆ ಸುಮಾರು 9 ಮಿಲಿಮೀಟರ್; ಕೈ ನಡುಗುವವರಿಗೆ ಅದಕ್ಕಿಂತ ದೊಡ್ಡದು ಮಾಡಿ. ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್ (ಹೊಳಪಿನ ವ್ಯತ್ಯಾಸ) ಕನಿಷ್ಠ 4.5:1 ಇರಲಿ. ತೆಳು ಬೂದು ಅಕ್ಷರ ನೋಡೋಕೆ ಚೆಂದ, ಓದೋಕಲ್ಲ. ಫೋನಿನ ಅಕ್ಷರದ ಗಾತ್ರವನ್ನು 200 ಪ್ರತಿಶತಕ್ಕೆ ಏರಿಸಿ ನೋಡಿ. ಬಟನ್ ಪರದೆಯಿಂದ ಹೊರಗೆ ಹೋಗುವುದು ಅಲ್ಲೇ ಸಿಕ್ಕಿಬೀಳುತ್ತದೆ.

ಮಾತ್ರೆಯ ಹೆಸರು ಟೈಪ್ ಮಾಡಿಸಬೇಡಿ, ಹೆಸರಿನ ಪಕ್ಕ ಫೋಟೊ ಇರಲಿ. ‘ಬಿಳಿ ದುಂಡನೆಯದು’ ಅಂತಲೇ ಬಹಳ ಜನ ಗುರುತಿಡುವುದು. ಇಲ್ಲೊಂದು ಅಪಾಯ ಇದೆ. ಅದೇ ಔಷಧ ಬೇರೆ ಕಂಪನಿಯದ್ದು ಬಂದರೆ ಬಣ್ಣ, ಆಕಾರ ಬದಲಾಗುತ್ತದೆ, ಹಳೆಯ ಫೋಟೊ ಸುಳ್ಳು ಹೇಳುತ್ತದೆ. ಹೊಸ ಸ್ಟ್ರಿಪ್ ತಂದಾಗಲೆಲ್ಲ ಫೋಟೊ ಕೇಳಿ.

ಕೋಡ್ ಇನ್ನೂ ಬೇಡ. ಒಂದು ವಾರ ನೀವೇ ಆ್ಯಪ್ ಆಗಿ: ಮೂವರಿಗೆ ಹೊತ್ತು ಹೊತ್ತಿಗೆ ಮೆಸೇಜ್ ಕಳಿಸಿ, ತಗೊಂಡ ಮೇಲೆ ಉತ್ತರಿಸಲು ಹೇಳಿ, ಬರೆದಿಡಿ. ಯಾವ ಹೊತ್ತಿಗೆ ಉತ್ತರ ಬರಲ್ಲ, ಎಷ್ಟನೇ ದಿನ ಬೇಸರ ಶುರು ಅನ್ನುವುದು ಖರ್ಚಿಲ್ಲದೆ ತಿಳಿಯುತ್ತದೆ. ಆಮೇಲೆ ಕಾಗದದ ಮೇಲೆ ಫೋನಿನ ಗಾತ್ರದ 4–5 ಪರದೆ ಬರೆದು ಕೈಗೆ ಕೊಡಿ. ‘ತಗೊಂಡೆ ಬಟನ್ ಒತ್ತಿ’ ಅಂದರೆ ಉತ್ತರ ನೀವೇ ಹೇಳಿಕೊಟ್ಟ ಹಾಗೆ. ‘ಈಗ ಬೆಳಗಿನ ಮಾತ್ರೆ ನುಂಗಿದ್ರಿ ಅಂದ್ಕೊಳ್ಳಿ, ಮುಂದೇನು ಮಾಡ್ತೀರಿ?’ ಅನ್ನಿ, ಮತ್ತೆ ಬಾಯಿ ಮುಚ್ಚಿಕೊಂಡಿರಿ. ಅವರು ತಡವರಿಸಿದರೆ ಮನಸ್ಸಿನಲ್ಲೇ ಹತ್ತು ಎಣಿಸಿ. ಕಷ್ಟದ ಕೆಲಸ, ಆದರೆ ಆ ತಡವರಿಕೆಯಲ್ಲೇ ತಪ್ಪು ಕಾಣಿಸುವುದು.

ಎಷ್ಟು ಜನ ಬೇಕು? ಬಳಕೆಯ ಪರೀಕ್ಷೆ ಬಗ್ಗೆ ಸಂಶೋಧನೆ ಮಾಡಿದ ನೀಲ್ಸನ್ ಮತ್ತು ಲ್ಯಾಂಡಾವರ್ 1993ರಲ್ಲಿ ಕೊಟ್ಟ ಲೆಕ್ಕದಲ್ಲಿ ಒಬ್ಬ ಬಳಕೆದಾರ ಸರಾಸರಿ 31 ಪ್ರತಿಶತ ತೊಂದರೆ ಬಯಲು ಮಾಡಿದರೆ, ಐವರು ಸುಮಾರು 85 ಪ್ರತಿಶತ. ಇದು ಒಂದೇ ಬಗೆಯ ಬಳಕೆದಾರರಿಗೆ ಹೊಂದುವ ಲೆಕ್ಕ. ನಿಮಗೆ ಎರಡು ಬಗೆಯವರಿದ್ದಾರೆ: ಮಾತ್ರೆ ತಗೊಳ್ಳುವವರು, ಮತ್ತು ಫೋನಿನಲ್ಲಿ ಎಲ್ಲ ಹೊಂದಿಸಿಕೊಡುವ ಮಗನೋ ಮಗಳೋ. ಎರಡೂ ಬಗೆಯವರನ್ನು ಬೇರೆಬೇರೆಯಾಗಿ ಕೂರಿಸಿ. ಐವರಾದ ಮೇಲೆ ತಿದ್ದಿ, ಮತ್ತೆ ಹೊಸ ಐವರು.

ಕೋಡಿಗೆ ಬಂದಾಗ ಕೈಕೊಡುವುದು ಹೆಚ್ಚಾಗಿ ಅಲಾರಮ್ಮೇ. ಆಂಡ್ರಾಯ್ಡ್ 6ರಿಂದ ಡೋಜ್ ಅನ್ನುವ ಬ್ಯಾಟರಿ ಉಳಿಸುವ ವ್ಯವಸ್ಥೆ ಇದೆ, ಫೋನು ಸುಮ್ಮನೆ ಬಿದ್ದಿದ್ದರೆ ಸಾಮಾನ್ಯ ಅಲಾರಂ ತಡವಾಗುತ್ತದೆ. 13ರಿಂದ ನೋಟಿಫಿಕೇಶನ್‌ಗೇ ಅನುಮತಿ ಕೇಳಬೇಕು. ‘ಬೇಡ’ ಒತ್ತಿದವರಿಗೆ ಆ್ಯಪ್ ಮೂಕ. 14ರಲ್ಲಿ ಹೊಸದಾಗಿ ಹಾಕಿಕೊಂಡ ಬಹುತೇಕ ಆ್ಯಪ್‌ಗಳಿಗೆ ಸರಿಯಾದ ಸಮಯಕ್ಕೇ ಹೊಡೆಯುವ ಅಲಾರಮ್ಮಿನ ಅನುಮತಿ ತಾನಾಗಿ ಸಿಗುವುದಿಲ್ಲ. ಫೋನ್ ಆಫ್ ಮಾಡಿ ಆನ್ ಮಾಡಿದರೆ ಅಲಾರಂಗಳು ಅಳಿಸಿಹೋಗುತ್ತವೆ, ಮತ್ತೆ ಹಾಕುವ ಕೋಡ್ ನೀವೇ ಬರೆಯಬೇಕು. ಐಫೋನಿನಲ್ಲಿ ಒಂದು ಆ್ಯಪ್‌ಗೆ ಕಾಯ್ದಿರಿಸಲು ಸಿಗುವುದು 64 ನೋಟಿಫಿಕೇಶನ್. ದಿನಕ್ಕೆ ನಾಲ್ಕನ್ನು ಬಿಡಿಬಿಡಿಯಾಗಿ ಹಾಕಿದರೆ 16ನೇ ದಿನಕ್ಕೆ ಖಾಲಿ. ಪ್ರತಿದಿನ ಮರುಕಳಿಸುವಂತೆ ಹಾಕಿದರೆ ಈ ತೊಂದರೆ ಇಲ್ಲ.

ಕೆಲಸ ಮಾಡ್ತಿದೆಯೋ ಅಂತ ತಿಳಿಯಲು ಡೌನ್‌ಲೋಡ್ ಎಣಿಸಬೇಡಿ, ಮಾತ್ರೆ ಎಣಿಸಿ. 40 ಮಾತ್ರೆಯಿಂದ ಶುರು, ದಿನಕ್ಕೆ ಎರಡು, 14 ದಿನಕ್ಕೆ 28 ಖರ್ಚಾಗಿ 12 ಉಳಿಯಬೇಕು. ಆ್ಯಪ್ 28 ‘ತಗೊಂಡೆ’ ತೋರಿಸುತ್ತಿದ್ದು ಡಬ್ಬಿಯಲ್ಲಿ 15 ಇದ್ದರೆ ಮೂರು ಸಲ ಬರೀ ಬಟನ್ ಒತ್ತಿದ್ದಾರೆ. 11 ಇದ್ದರೆ ಒಂದು ಬಿದ್ದುಹೋಗಿರಬೇಕು, ಇಲ್ಲವೇ ಒಂದು ಸಲ ಎರಡೆರಡು ನುಂಗಿದ್ದಾರೆ. ಮೊದಲ ಪರದೆ ಅವರಿಗೆ ಅರ್ಥವಾಗುತ್ತಿದೆಯೇ ಅಂತ ಮತ್ತೆ ಕೂತು ನೋಡಿ.