ಮೈಸೂರು ಹತ್ರ ಹಕ್ಕಿ ನೋಡೋಕೆ ಗಲಾಟೆ ಇಲ್ಲದ ಬೆಟ್ಟದೂರು ಯಾವ್ದು? ಬಿಳಿಗಿರಿರಂಗನ ಬೆಟ್ಟ ಸರಿನಾ?

ಅಪ್ಪ ಅಮ್ಮನ್ನ ಕರ್ಕೊಂಡು ಎರಡು ದಿನ, ರೆಸಾರ್ಟ್ ಬೇಡ, ಹಕ್ಕಿ ಕಾಣ್ಬೇಕು, ಸ್ವಲ್ಪ ಬೆಟ್ಟನೂ ಹತ್ಬೇಕು ಅಂದಿದೀರಾ. ನಾನು ಮಂಡ್ಯದವನು, ಊರಭಿಮಾನ ಅಂದ್ಕೊಳ್ಳಿ ಪರ್ವಾಗಿಲ್ಲ, ಮೇಲುಕೋಟೆಗೆ ಹೋಗಿ.

ಬಿಳಿಗಿರಿರಂಗನ ಬೆಟ್ಟದ ಕಾಡಿನ ಮುಂದೆ, ಹಕ್ಕಿ ಜಾತಿ ಲೆಕ್ಕ ಹಾಕಿದ್ರೆ ಮೇಲುಕೋಟೆ ಏನೂ ಅಲ್ಲ, ಒಪ್ತೀನಿ. ಆದ್ರೆ ಅದು 2011ರಿಂದ ಹುಲಿ ಸಂರಕ್ಷಿತ ಪ್ರದೇಶ, ಆನೆ ಓಡಾಡೋ ಜಾಗ, ಕಂಡ್ಕಂಡಲ್ಲಿ ಇಳ್ದು ನಡಿಯೋ ಹಾಗಿಲ್ಲ, ಸಫಾರಿ ಜೀಪಲ್ಲಿ ಕೂತ್ರೆ ಎಲ್ರಿಗೂ ಹುಲಿದೇ ಜಪ, ಮರಕುಟಿಗ ಇದೆ ಸ್ವಲ್ಪ ನಿಲ್ಸಿ ಅಂದ್ರೆ ಪಕ್ಕದಲ್ಲಿ ಕೂತೋರೇ ಗುರಾಯಿಸ್ತಾರೆ. ಹಕ್ಕಿ ನೋಡೋಕೆ ನಿಧಾನಕ್ಕೆ ನಡೀಬೇಕು, ಸುಮ್ನೆ ನಿಲ್ಬೇಕು, ಅದಕ್ಕೆ ಮೇಲುಕೋಟೆನೇ ವಾಸಿ.

ಅಲ್ಲಿರೋದು ಬಂಡೆ, ಕುರುಚಲು ಕಾಡು, ಅಲ್ಲಲ್ಲಿ ಕೊಳ. ಬೆಳಿಗ್ಗೆ ಬೆಳಕು ಹರಿದ ತಕ್ಷಣ ರಾಯಗೋಪುರ, ಅಕ್ಕ ತಂಗಿ ಕೊಳದ ಕಡೆ ಒಂದು ಸುತ್ತು ಹಾಕಿ, ನವಿಲು ಕೂಗ್ತಾನೇ ಇರ್ತವೆ, ಗೌಜಲಹಕ್ಕಿ, ಚಂದ್ರಮುಕುಟ, ಕಳ್ಳಿಪೀರ, ಕಾಜಾಣ ಇವೆಲ್ಲ ಹುಡುಕೋ ಕಷ್ಟ ಇಲ್ಲ. ತಾಳ್ಮೆ ಬೇಕಾಗಿರೋದು ಹಳದಿ ಕೊರಳಿನ ಪಿಕಳಾರಕ್ಕೆ (ಬುಲ್‌ಬುಲ್ ಜಾತಿ ಹಕ್ಕಿ), ದಕ್ಷಿಣ ಭಾರತದ ಬಂಡೆಗುಡ್ಡ ಬಿಟ್ರೆ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ ಅದು, ನಾಚಿಕೆ ಜಾಸ್ತಿ, ಬಂಡೆ ಸಂದಿನ ಪೊದೆಯಲ್ಲಿ ಸದ್ದು ಕೇಳುತ್ತೆ ಹಕ್ಕಿ ಕಾಣಲ್ಲ, ಹಾಗಂತ ಮೊಬೈಲಲ್ಲಿ ಅದರ ಕೂಗು ಹಾಕಿ ಕರೆಯೋಕೆ ಹೋಗ್ಬೇಡಿ ದಯವಿಟ್ಟು, ಮರಿ ಮಾಡೋ ಟೈಮಲ್ಲಿ ಬೇರೆ ಹಕ್ಕಿ ನುಗ್ತು ಅಂದ್ಕೊಂಡು ಸುಮ್ನೆ ಗಾಬರಿ ಬೀಳ್ತವೆ. ಸುತ್ತಲಿನ ಕಾಡು 1974ರಲ್ಲಿ ತೋಳಗಳಿಗೋಸ್ಕರ ಮಾಡಿದ ಅಭಯಾರಣ್ಯ, ಒಳಗೆ ಹೋಗ್ಬೇಕಂದ್ರೆ ಅರಣ್ಯ ಇಲಾಖೆನ ಕೇಳಿ. ಆ ಕಡೆ ಚಿರತೆನೂ ಇದೆ, ಕತ್ತಲಲ್ಲಿ ಒಬ್ರೇ ಅಡ್ಡಾಡ್ಬೇಡಿ.

ಯೋಗಾನರಸಿಂಹನ ಬೆಟ್ಟಕ್ಕೆ ಮೆಟ್ಲಿದೆ, ಅಪ್ಪ ಅಮ್ಮ ಕೂತು ಕೂತು ಹತ್ಬೋದು, ಕೈಯಲ್ಲಿ ತಿಂಡಿ ಕವರ್ ಇದ್ರೆ ಮಾತ್ರ ಕೋತಿ ಪಾಲು. ನಿಮಗೆ ಕೈಕಾಲಿಗೆ ಇನ್ನೂ ಕೆಲಸ ಬೇಕು ಅಂದ್ರೆ ಪಾಂಡವಪುರದ ಕುಂತಿಬೆಟ್ಟ ಇದೆ, ಬರೀ ಬಂಡೆ, ಅದನ್ನ ಬಿಸಿಲೇರೋಕೆ ಮುಂಚೆ ಮುಗಿಸ್ಬೇಕು, ಅವರನ್ನ ಅಲ್ಲಿಗೆ ಎಳ್ಕೊಂಡು ಹೋಗ್ಬೇಡಿ. ವಾಪಸ್ ಬರ್ತಾ ತೊಣ್ಣೂರು ಕೆರೆ ಏರಿ ಮೇಲೆ ಕೂತ್ರೆ ನೀರುಕಾಗೆ, ಬೆಳ್ಳಕ್ಕಿ ಆರಾಮಾಗಿ ನೋಡ್ಬೋದು.

ನವೆಂಬರಿಂದ ಫೆಬ್ರವರಿ ಒಳ್ಳೇದು, ಚಳಿಗಾಲದ ವಲಸೆ ಹಕ್ಕಿಗಳೂ ಇರ್ತವೆ. ವಾರದ ದಿನ ಹೋಗಿ, ಭಾನುವಾರ ಪುಳಿಯೋಗರೆಗೆ ಬರೋ ಕಾರುಗಳೇ ಜಾಸ್ತಿ, ಮಾರ್ಚ್-ಏಪ್ರಿಲ್ ಕಡೆ ಬರೋ ವೈರಮುಡಿ ಉತ್ಸವದ ಟೈಮಲ್ಲಂತೂ ಕಾಲಿಡೋಕೆ ಜಾಗ ಇರಲ್ಲ. ಬೈನಾಕ್ಯುಲರ್ ಹೊಸದಾಗಿ ತಗೊಳ್ಳೋದಾದ್ರೆ 8×42 (ಎಂಟು ಪಟ್ಟು ದೊಡ್ಡದಾಗಿ ತೋರ್ಸೋದು, ಮುಂದಿನ ಗಾಜು 42 ಮಿ.ಮೀ.) ಸಾಕು. ಮೈಸೂರಿಂದ ಶ್ರೀರಂಗಪಟ್ಟಣ, ಪಾಂಡವಪುರ ಮೇಲೆ ಸುಮಾರು 50 ಕಿ.ಮೀ. ಆಗುತ್ತೆ, ಉಳ್ಕೊಳ್ಳೋಕೆ ಛತ್ರ, ಸಣ್ಣ ಲಾಡ್ಜ್ ಅಷ್ಟೇ, ಹೋಗೋ ಮುಂಚೆ ಫೋನ್ ಮಾಡಿ ರೂಮ್ ಹೇಳಿಟ್ಕೊಳ್ಳಿ.